ಜಪಾನಿನ ಮನೆಯ ಯಂತ್ರಗಳನ್ನು ಪಳಗಿಸಿಕೊಳ್ಳುವುದು: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಜನವರಿಯ ಒಂದು ಮಧ್ಯಾಹ್ನ. ಅಮ್ಮ ತುಮಕೂರಿನಿಂದ ಟೋಕಿಯೋಗೆ ಬಂದು ಮೂರನೇ ದಿನ. ನಾನು ಆಫೀಸಿನಲ್ಲಿದ್ದಾಗ ವಿಡಿಯೋ ಕಾಲ್ ಬಂತು. ಶಾಲು ಹೊದ್ದು, ಅದರ ಮೇಲೆ ನನ್ನ ದಪ್ಪ ಜಾಕೆಟ್ ಹಾಕಿಕೊಂಡು ಕೂತಿದ್ದಳು.

"ಬೆಳಿಗ್ಗೆ ಬಿಸಿ ಗಾಳಿ ಬರ್ತಿತ್ತು ಕಣೇ. ಏನೋ ಒತ್ತಿದೆ, ಈಗ ತಣ್ಣಗೆ ಬರ್ತಿದೆ. ನಿಲ್ಲಿಸೋದೂ ಗೊತ್ತಾಗ್ತಿಲ್ಲ."

"ರಿಮೋಟಿನ ಪರದೆ ಮೇಲೆ ಎರಡು ದೊಡ್ಡ ಅಕ್ಷರ ಇದೆಯಲ್ಲ, ಮೊದಲನೇದು ನೋಡಮ್ಮ. ಅದರ ಎಡಗಡೆ ಏನಿದೆ?"

"ಎರಡು ಹನಿ ಬಿದ್ದಂಗಿದೆ."

"ಈಗ ಒತ್ತಿದೆಯಲ್ಲ, ಅದೇ ಬಟನ್ ಮತ್ತೆ ಮತ್ತೆ ಒತ್ತು. ಎಡಗಡೆ ಹನಿ ಹೋಗಿ ಉದ್ದ ಪೆಟ್ಟಿಗೆ ಬರಬೇಕು, ಪೆಟ್ಟಿಗೆ ನಡುವೆ ಒಂದು ಅಡ್ಡಗೆರೆ. ಅದು ಬಂದ ತಕ್ಷಣ ಬಿಟ್ಟುಬಿಡು."

ಮೂರನೇ ಸಲ ಒತ್ತಿದಾಗ ಬಂತು. ಐದು ನಿಮಿಷದಲ್ಲಿ ಬಿಸಿ ಗಾಳಿಯೂ ಬಂತು. ಜಪಾನಿ ಭಾಷೆಯ ಒಂದು ಪದವೂ ಬಾರದ ಎಪ್ಪತ್ತರ ಹತ್ತಿರದ ಹೆಂಗಸು, ಎರಡು ಹನಿ ಮತ್ತು ಒಂದು ಪೆಟ್ಟಿಗೆಯ ಗುರುತು ಹಿಡಿದು ಮನೆ ಬೆಚ್ಚಗೆ ಮಾಡಿಕೊಂಡಳು. ಈ ಬರಹದುದ್ದಕ್ಕೂ ನಾನು ಹೇಳುವ ದಾರಿ ಇದೇ: ಇಡೀ ಮೆನುವನ್ನು ಅನುವಾದ ಮಾಡಲು ಹೊರಡಬೇಡಿ. ನಿಮ್ಮ ಮನೆಯ ಯಂತ್ರಗಳ ಮೇಲೆ ಮತ್ತೆ ಮತ್ತೆ ಬರುವ ಇಪ್ಪತ್ತು ಗುರುತುಗಳನ್ನು ಕಣ್ಣಿಗೆ ಅಭ್ಯಾಸ ಮಾಡಿಸಿ, ಉಳಿದದ್ದಕ್ಕೆ ಕನ್ನಡದ ಚೀಟಿ ಅಂಟಿಸಿ.

ಟೋಕಿಯೋದ ನಿಶಿ ಕಸಾಯಿಯಂಥ ಕಡೆ ಭಾರತೀಯರು ಬಹಳ ಇದ್ದಾರೆ, ಬೇಳೆ ಮಸಾಲೆ ಎಲ್ಲ ಸಿಗುತ್ತದೆ. ಆದರೆ ಬಾಡಿಗೆ ಮನೆಯೊಳಗಿನ ಗೀಸರು, ಒಲೆ, ವಾಷಿಂಗ್ ಮೆಷೀನು ಮಾತ್ರ ಅಚ್ಚ ಜಪಾನಿಯವೇ. ಹೊಸದಾಗಿ ಬಂದವರಿಗೆ, ಅದಕ್ಕಿಂತ ಹೆಚ್ಚಾಗಿ ಮೂರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ಆಫೀಸಿಗೆ ಹೋದ ಮೇಲೆ ಹಗಲಿಡೀ ಆ ಯಂತ್ರಗಳ ಜೊತೆ ಇರುವವರು ಅವರೇ.

ಮುಟ್ಟುವ ಮೊದಲು ಫೋಟೋ

ಮನೆಯ ಕೀಲಿ ಕೈಗೆ ಬಂದ ದಿನ, ಯಾವ ಬಟನ್ನನ್ನೂ ಒತ್ತುವ ಮೊದಲು ಎಲ್ಲ ಯಂತ್ರಗಳ ಫೋಟೋ ತೆಗೆಯಿರಿ. ಪ್ರತಿ ರಿಮೋಟು, ಗೋಡೆಯ ಪ್ರತಿ ಪ್ಯಾನೆಲ್ಲು. ದೀಪ ಯಾವುದು ಹತ್ತಿದೆ, ಪರದೆಯಲ್ಲಿ ಯಾವ ಅಂಕಿ ಇದೆ ಎಲ್ಲವೂ ಕಾಣುವಂತಿರಲಿ. ಮುಂದೆ ಏನೋ ಒತ್ತಿ ಎಲ್ಲ ಕಲಸಿಹೋದಾಗ ಮರಳಿ ಬರಲು ಇದೊಂದೇ ಸುಲಭದ ದಾರಿ.

ಎರಡನೆಯದು ಮಾಡೆಲ್ ನಂಬರು. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇರುವುದರಿಂದ ಹುಡುಕುವುದು ಕಷ್ಟವಲ್ಲ. ಎಸಿಗೆ ಅದರ ಅಡಿಯಲ್ಲಿ, ರೈಸ್ ಕುಕ್ಕರಿಗೆ ತಳದಲ್ಲಿ ಅಥವಾ ಹಿಂಬದಿಯಲ್ಲಿ, ಫ್ರಿಜ್ಜಿಗೆ ಬಾಗಿಲೊಳಗೆ, ವಾಷಿಂಗ್ ಮೆಷೀನಿಗೆ ಮುಚ್ಚಳದ ಹತ್ತಿರ ಚೀಟಿ ಇರುತ್ತದೆ. ಪಕ್ಕದಲ್ಲಿ ಹಿಂಬಾನ್, ಕತಾಬಾನ್ ಅಥವಾ ಕತಾಮೇ ಎಂಬ ಪದವಿರುತ್ತದೆ. ಮೂರೂ ಮಾಡೆಲ್ ನಂಬರೇ. ಆ ನಂಬರಿನ ಜೊತೆ ತೊರಿಸೆತ್ಸು ಎಂದು ಸೇರಿಸಿ ಹುಡುಕಿದರೆ ಕಂಪನಿಯ ತಾಣದಲ್ಲೇ ಕೈಪಿಡಿಯ ಪಿಡಿಎಫ್ ಸಿಗುತ್ತದೆ. ಜಪಾನಿನಲ್ಲಿ ಬಳಕೆಯ ಕೈಪಿಡಿಗೆ ಜನ ಬಾಯಲ್ಲಿ ಹೇಳುವ ಚಿಕ್ಕ ಹೆಸರು ಅದು. ಹತ್ತು ಹನ್ನೆರಡು ವರ್ಷ ಹಳೆಯ ಯಂತ್ರಗಳಿಗೂ ಸಾಮಾನ್ಯವಾಗಿ ಸಿಗುತ್ತದೆ.

ನೂರು ಪುಟ ಓದಬೇಕಿಲ್ಲ. ಯಂತ್ರದ ಚಿತ್ರ ಬರೆದು ಪ್ರತಿ ಬಟನ್ನಿಗೆ ಬಾಣ ಹಾಕಿ ಹೆಸರು ಕೊಟ್ಟಿರುವ ಪುಟ ಒಂದು. ಕೊನೆಯ ಕಡೆ "ಕೊಶೋ ಕಾನಾ", ಅಂದರೆ "ಕೆಟ್ಟಿತೇನೋ" ಎಂಬ ಶೀರ್ಷಿಕೆಯ ಪಟ್ಟಿ ಇನ್ನೊಂದು. ಎರರ್ ಕೋಡುಗಳೆಲ್ಲ ಅಲ್ಲಿರುತ್ತವೆ. ಈ ಎರಡನ್ನು ಮಾತ್ರ ಅನುವಾದ ಮಾಡಿ, ಮೊಬೈಲಿನಲ್ಲಿ ಒಂದೇ ಫೋಲ್ಡರಿಗೆ ಹಾಕಿಡಿ.

ಕ್ಯಾಮೆರಾ ಅನುವಾದವನ್ನು ಎಷ್ಟು ನಂಬಬೇಕು

ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಸೇರಿದ್ದು 2011ರಲ್ಲಿ. ಈಗ ಫೋನನ್ನು ಬಟನ್ ಮುಂದೆ ಹಿಡಿದರೆ ಅಕ್ಷರದ ಮೇಲೆಯೇ ಅರ್ಥ ಮೂಡುತ್ತದೆ. ದೊಡ್ಡ ಉಪಕಾರ. ಆದರೆ ಬಟನ್ನಿನ ಮೇಲೆ ಇರುವುದು ಒಂದೋ ಎರಡೋ ಅಕ್ಷರ, ಹಿಂದೆ ಮುಂದೆ ವಾಕ್ಯವಿಲ್ಲ. ಹಾಗಾಗಿ ಆಫ್ ಎಂಬಲ್ಲಿ "ಕತ್ತರಿಸು" ಎಂದೂ, ಆನ್ ಎಂಬಲ್ಲಿ "ಪ್ರವೇಶಿಸು" ಎಂದೂ ಬರಬಹುದು. ಯಂತ್ರ ಸುಳ್ಳು ಹೇಳುತ್ತಿಲ್ಲ, ಆ ಅಕ್ಷರಗಳ ಮೂಲ ಅರ್ಥವೇ ಅದು.

ಕೆಲವು ಉಪಾಯಗಳು ನನಗೆ ಫಲ ಕೊಟ್ಟಿವೆ. ಲೈವ್ ಆಗಿ ಹಿಡಿದರೆ ಪದಗಳು ಕ್ಷಣಕ್ಕೊಂದರಂತೆ ಬದಲಾಗುತ್ತವೆ. ಫೋಟೋ ತೆಗೆದು ಆಮೇಲೆ ಅನುವಾದ ಮಾಡಿಸಿ. ಹೊಳೆಯುವ ಪ್ಲಾಸ್ಟಿಕ್ ಮೇಲೆ ದೀಪದ ಪ್ರತಿಫಲನ ಬೀಳದಂತೆ ಓರೆಯಾಗಿ ಹಿಡಿಯಿರಿ. ಒಂದು ಬಟನ್ನಿನ ಬದಲು ಇಡೀ ಸಾಲು ಫೋಟೋದಲ್ಲಿರಲಿ. ಜಪಾನಿಯಿಂದ ನೇರ ಕನ್ನಡಕ್ಕಿಂತ ಮೊದಲು ಇಂಗ್ಲಿಷಿಗೆ ಹೋದರೆ ಯಂತ್ರದ ಪದಗಳು ಹೆಚ್ಚು ಸರಿಯಾಗಿ ಬರುತ್ತವೆ. ಅಲ್ಲಿಂದ ಕನ್ನಡಕ್ಕೆ ತರುವ ಕೆಲಸ ನೀವೇ ಮಾಡಿ. ಅಮ್ಮನಿಗೆ "ವಿದ್ಯುತ್ ಮೂಲ" ಎಂದು ಬರೆದುಕೊಟ್ಟರೆ ಏನು ಪ್ರಯೋಜನ? "ಮೊದಲು ಇದನ್ನು ಒತ್ತು" ಎಂದರೆ ತಿಳಿಯುತ್ತದೆ.

ಕಣ್ಣಿಗೆ ಅಭ್ಯಾಸವಾಗಬೇಕಾದ ಅಕ್ಷರಗಳು

ಜಪಾನಿನಲ್ಲಿ ಮೂರು ಲಿಪಿಗಳು ಒಟ್ಟಿಗೇ ಓಡುತ್ತವೆ. ಅವುಗಳಲ್ಲಿ ಚೂಪು ಚೂಪಾದ ನೇರ ಗೆರೆಗಳ ಕತಾಕಾನಾವನ್ನು ಮೊದಲು ಕಲಿಯಿರಿ, ಏಕೆಂದರೆ ಹೊರಗಿನ ಭಾಷೆಗಳಿಂದ ಬಂದ ಪದಗಳನ್ನು ಅದರಲ್ಲೇ ಬರೆಯುತ್ತಾರೆ. ತೈಮಾ ಎಂದರೆ ಟೈಮರ್, ಸುತಾತೋ ಎಂದರೆ ಸ್ಟಾರ್ಟ್, ಕೋಸು ಎಂದರೆ ಕೋರ್ಸ್, ಓಬುನ್ ಎಂದರೆ ಓವನ್. ಮೂಲ ಅಕ್ಷರ 46. ನಮಗೆ ಇದು ಇತರರಿಗಿಂತ ಸುಲಭ. ಅ, ಇ, ಉ, ಎ, ಒ ಎಂದು ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಲುಗಳು. ನಮ್ಮ ವರ್ಣಮಾಲೆಯ ಜಾಡೇ. ಬೌದ್ಧರ ಮೂಲಕ ಅಲ್ಲಿಗೆ ಹೋದ, ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ಅಧ್ಯಯನ ಆ ಕ್ರಮಕ್ಕೆ ಕಾರಣ. ದಿನಕ್ಕೆ ಐದು ಅಕ್ಷರದಂತೆ ಹತ್ತು ದಿನ ಕೂತರೆ ಬರುತ್ತದೆ.

ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರಾಕ್ಷರಗಳು, ಸಾವಿರಾರು ಇವೆ. ಅವನ್ನು ಓದಲು ಹೋಗಬೇಡಿ. ಎಡಗಡೆಯ ತುಂಡನ್ನು ಮಾತ್ರ ನೋಡಿ.

ಎಡಗಡೆ ಎರಡು ಹನಿ ಇದ್ದರೆ ಮಂಜು, ತಂಪು. ಎಸಿಯ ಕೂಲಿಂಗ್, ಫ್ರಿಜ್, ಫ್ರೀಜರ್, ಮೈಕ್ರೋವೇವಿನ ಡಿಫ್ರಾಸ್ಟ್ ಎಲ್ಲದರಲ್ಲೂ ಈ ಎರಡು ಹನಿ ಕಾಣುತ್ತದೆ. ಮೂರು ಹನಿ ಇದ್ದರೆ ನೀರು: ತೊಳೆಯುವುದು, ಬಿಸಿನೀರು, ತೇವ, ಉಷ್ಣತೆ. ಒಂದು ಎಚ್ಚರಿಕೆ, ಕ್ಯಾನ್ಸಲ್ ಎಂಬ ತೊರಿಕೆಶಿಯ ಎರಡನೇ ಅಕ್ಷರಕ್ಕೂ, ಪವರ್ ಎಂಬ ಪದದ ಎರಡನೇ ಅಕ್ಷರಕ್ಕೂ ಮೂರು ಹನಿಯಿದೆ. ಅಲ್ಲಿ ನೀರು ಹುಡುಕಬೇಡಿ. ಎಡಗಡೆ ನಡುಗೆರೆಯ ಪೆಟ್ಟಿಗೆ ಇದ್ದರೆ ಸೂರ್ಯ. ಎಸಿಯ ಮೇಲೆ ಅದು ಬಿಸಿ. ಎರಡು ಕಿಡಿ ಹಾರುತ್ತಿರುವ ಮನುಷ್ಯನಂತೆ ಕಂಡರೆ ಬೆಂಕಿ. ಅನ್ನ ಬೇಯಿಸುವ ಬಟನ್ನಿನ ಮೊದಲ ಅಕ್ಷರದಲ್ಲಿ ಅದಿದೆ. ಮಂಟಪದಂಥ ಚೌಕಟ್ಟಿನೊಳಗೆ ಏನೋ ಕೂತಂತಿದ್ದರೆ ಗಾಳಿ.

ಇನ್ನು ಆನ್ ಮತ್ತು ಆಫ್. ಆನ್‌ಗೆ ಇರಿ, ಆಫ್‌ಗೆ ಕಿರಿ ಎನ್ನುತ್ತಾರೆ. ನಮ್ಮ ಕಿವಿಗೆ ಇದು ವರ. ಇರಿ ಎಂದರೆ ಚಾಲೂ ಇರಿ, ಕಿರಿ ಎಂದರೆ ಕಿರಿದಾಗಿ ಆರಿಹೋಗು ಎಂದು ಅಮ್ಮನಿಗೆ ಹೇಳಿಕೊಟ್ಟೆ, ಒಂದೇ ಸಲಕ್ಕೆ ನೆನಪಿಟ್ಟಳು. ಇರಿಯ ಅಕ್ಷರ ಮೇಲೆ ಕೂಡಿ ಕೆಳಗೆ ಕಾಲು ಚಾಚಿದ ಎರಡೇ ಗೆರೆ. ಕಿರಿಯದ್ದು ಎರಡು ತುಂಡಿನ ಅಕ್ಷರ, ಬಲಗಡೆಯದು ಕತ್ತಿ. ಕೈಚಾಚಿ ನಿಂತ ಮನುಷ್ಯನಂತಿರುವುದು ದೊಡ್ಡದು, ನಡುವೆ ಕೋಲು ಆಚೀಚೆ ಒಂದೊಂದು ಹನಿ ಇರುವುದು ಚಿಕ್ಕದು. ಟಾಯ್ಲೆಟ್ಟಿನ ಫ್ಲಷ್ ಮೇಲೆ ಇವೆರಡೂ ಇರುತ್ತವೆ. ಪೆಟ್ಟಿಗೆಗೆ ನಡುವೆ ಕಡ್ಡಿ ಚುಚ್ಚಿದಂತಿದ್ದರೆ ಮಧ್ಯಮ. ಅವಳಿ ಮಕ್ಕಳಂತೆ ಒಂದೇ ಆಕಾರ ಎರಡು ಸಲ ನಿಂತಿದ್ದರೆ ಕಡಿಮೆ. ಅದರ ಜೋಡಿಯಾದ, ಅವಳಿಯಲ್ಲದ ಅಕ್ಷರ ಜೋರು.

ಎಸಿ

ರಿಮೋಟಿನಲ್ಲಿ ತಂಪಿಗೆ ರೇಬೋ, ಬಿಸಿಗೆ ದಂಬೋ, ತೇವ ತೆಗೆಯಲು ಜೋಶಿತ್ಸು ಅಥವಾ ಕತಾಕಾನಾದಲ್ಲಿ ದೊರಾಯ್, ತಾನೇ ಆರಿಸಿಕೊಳ್ಳಲು ಜಿದೋ, ನಿಲ್ಲಿಸಲು ತೇಶಿ. ಬಣ್ಣದ ಬಟನ್ ಇದ್ದರೆ ನೀಲಿ ತಂಪು, ಕೆಂಪು ಅಥವಾ ಕಿತ್ತಳೆ ಬಿಸಿ.

ಕೆಟ್ಟಿದೆ ಎಂದು ಜನ ಗಾಬರಿಯಾಗುವ ಎರಡು ಸಂದರ್ಭಗಳಿವೆ. ಚಳಿಗಾಲದಲ್ಲಿ ಬಿಸಿ ಗಾಳಿ ಬರುತ್ತಿದ್ದು ಇದ್ದಕ್ಕಿದ್ದಂತೆ ನಿಂತು, ಹಲವು ನಿಮಿಷದ ಮೇಲೆ ಮತ್ತೆ ಬಂದರೆ ಹೊರಗಿನ ಯಂತ್ರದ ಮೇಲೆ ಕೂತ ಮಂಜನ್ನು ಅದು ಕರಗಿಸಿಕೊಳ್ಳುತ್ತಿದೆ ಎಂದರ್ಥ. ಬಟನ್ ಒತ್ತದೆ ಸುಮ್ಮನಿರಿ. ಬೇಸಿಗೆಯಲ್ಲಿ ತೇಶಿ ಒತ್ತಿದ ಮೇಲೂ ಬಹಳ ಹೊತ್ತು ಮೆಲ್ಲಗೆ ಓಡುತ್ತಿದ್ದರೆ ನಾಯ್ಬು ಕುರೀನ್, ಅಂದರೆ ಒಳಗಡೆ ಒಣಗಿಸಿಕೊಳ್ಳುವ ಕೆಲಸ. ಅದನ್ನೂ ಮುಗಿಯಲು ಬಿಡಿ, ಬೂಷ್ಟು ಹಿಡಿಯುವುದಿಲ್ಲ. ರಿಮೋಟ್ ಕಳೆದುಹೋದರೆ ಎಸಿಯ ಮೈಮೇಲೇ, ಸಾಮಾನ್ಯವಾಗಿ ಮುಂದಿನ ಮುಚ್ಚಳ ಎತ್ತಿದರೆ ಕಾಣುವ ಕಡೆ, ಒಕ್ಯೂ ಉಂತೆನ್ ಎಂಬ ತುರ್ತು ಬಟನ್ ಇರುತ್ತದೆ.

ಗ್ಯಾಸ್ ಒಲೆ: ನಮ್ಮ ಅಡುಗೆಗೆ ಇದೇ ದೊಡ್ಡ ತೊಡಕು

ಉಪ್ಪಿಟ್ಟಿಗೆ ರವೆ ಹುರಿಯಲು ಅಮ್ಮ ಬಾಣಲೆ ಇಟ್ಟಿದ್ದಳು. ರವೆ ಇನ್ನೂ ಬಣ್ಣ ತಿರುಗಿರಲಿಲ್ಲ, ಘಮವೂ ಬಂದಿರಲಿಲ್ಲ. ಒಲೆ ಪೀ ಎಂದು ಕೂಗಿತು, ಉರಿ ತಾನಾಗಿಯೇ ಇಳಿಯಿತು. ಅಮ್ಮ ಗುಬುಟು ತಿರುಗಿಸಿ ದೊಡ್ಡದು ಮಾಡಿದಳು. ಅರ್ಧ ನಿಮಿಷಕ್ಕೆ ಮತ್ತೆ ಇಳಿಯಿತು. ಮೂರನೇ ಸಲ ಆರಿಯೇ ಹೋಯಿತು. "ಸಿಲಿಂಡರ್ ಮುಗೀತೇನೋ ನೋಡೇ" ಅಂದಳು. ನಮ್ಮದು ಪೈಪಿನ ಗ್ಯಾಸು.

ಕಾರಣ ಹೇಳುತ್ತೇನೆ. 2008ರ ಅಕ್ಟೋಬರಿನಿಂದ ಜಪಾನಿನಲ್ಲಿ ತಯಾರಾಗುವ ಮನೆಬಳಕೆಯ, ಒಂದಕ್ಕಿಂತ ಹೆಚ್ಚು ಬರ್ನರಿನ ಗ್ಯಾಸ್ ಒಲೆಗಳ ಎಲ್ಲ ಬರ್ನರುಗಳಿಗೂ ಶಾಖ ಅಳೆಯುವ ಸೆನ್ಸರ್ ಕಡ್ಡಾಯ. ಬರ್ನರಿನ ನಡುವೆ ಸ್ಪ್ರಿಂಗಿನ ಮೇಲೆ ಕೂತ, ಒತ್ತಿದರೆ ಕುಗ್ಗುವ ಗುಂಡನೆಯ ಮೊಳೆ ಇದೆಯಲ್ಲ, ಅದೇ. ಪಾತ್ರೆಯ ತಳ ಸುಮಾರು 250 ಡಿಗ್ರಿ ಮುಟ್ಟಿದರೆ ಉರಿ ತಗ್ಗಿಸುತ್ತದೆ, ಆಮೇಲೂ ಇಳಿಯದಿದ್ದರೆ ಆರಿಸುತ್ತದೆ. ಕರಿಯುವ ಎಣ್ಣೆಗೆ ಬೆಂಕಿ ಹತ್ತಿ ಮನೆ ಸುಡುವುದನ್ನು ತಪ್ಪಿಸಲು ಮಾಡಿದ ಏರ್ಪಾಡು. ಎಣ್ಣೆ ಸುಮಾರು 370 ಡಿಗ್ರಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಒಣಬಾಣಲೆಯಲ್ಲಿ ಹುರಿಯುವುದು, ದೋಸೆ ಕಾವಲಿ ಕಾಯಿಸುವುದು, ಒಗ್ಗರಣೆಗೆ ಸೌಟು ಹಿಡಿಯುವುದು, ಹಪ್ಪಳ ಸುಡುವುದು, ಬದನೆಕಾಯಿ ಸುಡುವುದು ಯಾವುದೂ ಅದರ ಲೆಕ್ಕದಲ್ಲಿಲ್ಲ.

ಮಾಡಬೇಕಾದ್ದು ಹೀಗೆ. ಒಲೆಯ ಮುಂಭಾಗದಲ್ಲಿ ಅಥವಾ ಒತ್ತಿದರೆ ಹೊರಬರುವ ಚಿಕ್ಕ ಪ್ಯಾನೆಲ್ಲಿನಲ್ಲಿ ಒಂದು ಬಟನ್ ಹುಡುಕಿ. ಅದರ ಮೇಲೆ ಕೋಒನ್ ಇತಾಮೆ, ಅಬುರಿ, ಅಥವಾ ಸೆನ್ಸಾ ಕಾಯ್ಜೋ ಎಂದಿರುತ್ತದೆ: ಹೆಚ್ಚು ಶಾಖದಲ್ಲಿ ಹುರಿಯುವುದು, ನೇರ ಉರಿಯಲ್ಲಿ ಸುಡುವುದು, ಸೆನ್ಸರ್ ಸಡಿಲಿಸುವುದು. ಒಲೆ ಹೊತ್ತಿಸಿದ ಮೇಲೆ ಆ ಬಟನ್ನನ್ನು ಸುಮಾರು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಪಕ್ಕದಲ್ಲಿ ದೀಪ ಹತ್ತಿದರೆ ಆಯಿತು, ಸೆನ್ಸರಿನ ಮಿತಿ ಮೇಲೇರುತ್ತದೆ. ಒಲೆ ಆರಿಸಿದ ತಕ್ಷಣ ಅದು ರದ್ದಾಗುತ್ತದೆ, ಮುಂದಿನ ಸಲ ಮತ್ತೆ ಒತ್ತಬೇಕು. ಸಾಮಾನ್ಯವಾಗಿ ಒಂದೇ ಬರ್ನರಿಗೆ ಈ ಸೌಲಭ್ಯ ಇರುತ್ತದೆ, ಯಾವುದೆಂದು ಗುರುತಿಟ್ಟುಕೊಂಡು ದೋಸೆ ಕಾವಲಿಯನ್ನು ಅದರ ಮೇಲೇ ಇಡಿ. ಪೂರಿ, ಬೋಂಡಾ, ಚಕ್ಕುಲಿ ಕರಿಯುವಾಗ ಮಾತ್ರ ಈ ಬಟನ್ ಮುಟ್ಟಲೇಬೇಡಿ. ಸೆನ್ಸರ್ ಇರುವುದೇ ಆ ಹೊತ್ತಿಗಾಗಿ.

ಊರಿನಿಂದ ತಂದ ಕಬ್ಬಿಣದ ಕಾವಲಿಯ ತಳ ಮೇಲಕ್ಕೆ ಬಾಗಿದ್ದರೆ ಮೊಳೆ ಸರಿಯಾಗಿ ತಾಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಮೊಳೆಯ ತಲೆಗೆ ಮಸಿ, ಹಾಲು ಉಕ್ಕಿದ ಕಲೆ ಅಂಟಿಕೊಂಡರೂ ಹಾಗೆಯೇ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ಎರಡನೇ ಕೈ ಒಲೆ ಕೊಳ್ಳುವವರು ಇನ್ನೊಂದು ನೋಡಬೇಕು: ಪೈಪಿನ ತೋಶಿ ಗಾಸು ಬೇರೆ, ಸಿಲಿಂಡರಿನ ಎಲ್‌ಪಿ ಗಾಸು ಬೇರೆ. ಒಲೆಯ ಚೀಟಿಯಲ್ಲಿ 12ಎ, 13ಎ ಎಂದಿದ್ದರೆ ಪೈಪಿನದು. ಒಂದಕ್ಕೆ ಮಾಡಿದ ಒಲೆಯನ್ನು ಇನ್ನೊಂದಕ್ಕೆ ಜೋಡಿಸುವುದು ಅಪಾಯ.

ಬಿಸಿನೀರಿನ ಪ್ಯಾನೆಲ್

ಅಡುಗೆಮನೆಯ ಗೋಡೆಯಲ್ಲೊಂದು, ಬಚ್ಚಲುಮನೆಯಲ್ಲೊಂದು ಪ್ಯಾನೆಲ್ ಇರುತ್ತದೆ. ಮೊದಲು ಉಂತೆನ್, ಅಂದರೆ ಚಾಲನೆಯ ಬಟನ್ ಆನ್ ಮಾಡಿ, ದೀಪ ಹತ್ತಲಿ. ಪರದೆಯಲ್ಲಿ ಕಾಣುವ 40, 42 ಎನ್ನುವುದು ನಲ್ಲಿಯ ನೀರಿನ ಶಾಖ. ಸ್ನಾನಕ್ಕೆ 40ರಿಂದ 42 ಸಾಕು. ಅಡುಗೆಮನೆಯಲ್ಲಿ ಯಾರೋ 60ಕ್ಕೆ ಏರಿಸಿಟ್ಟು ಮರೆತರೆ ಬಚ್ಚಲಲ್ಲಿರುವವರಿಗೆ ಸುಟ್ಟೀತು. ಅದಕ್ಕೇ ಯೂಸೆನ್ ಎಂಬ ಬಟನ್, ಅಂದರೆ ಆದ್ಯತೆ. ಯಾವ ಪ್ಯಾನೆಲ್ಲಿನಲ್ಲಿ ಯೂಸೆನ್ ದೀಪ ಹತ್ತಿದೆಯೋ ಶಾಖ ಬದಲಿಸುವ ಅಧಿಕಾರ ಅದಕ್ಕೆ. ಬಟನ್ ಒತ್ತಿದರೂ ಅಂಕಿ ಬದಲಾಗುತ್ತಿಲ್ಲ ಎಂದು ಬರುವ ದೂರುಗಳಿಗೆ ಬಹುಪಾಲು ಇದೇ ಕಾರಣ. ಸ್ನಾನಕ್ಕೆ ಹೋದವರು ಮೊದಲು ಬಚ್ಚಲಿನ ಯೂಸೆನ್ ಒತ್ತಿಕೊಳ್ಳಬೇಕೆಂಬ ನಿಯಮ ನಮ್ಮ ಮನೆಯಲ್ಲಿದೆ.

ಫುರೋ ಜಿದೋ ಒತ್ತಿದರೆ ತೊಟ್ಟಿ ತಾನಾಗಿ ತುಂಬುತ್ತದೆ. ತುಂಬಿದ ಮೇಲೆ ಸಂಗೀತ ಬಂದು, "ಒಫುರೋ ಗಾ ವಾಕಿಮಾಷಿತಾ" ಎಂಬ ಹೆಣ್ಣು ದನಿ ಕೇಳುತ್ತದೆ: ಸ್ನಾನದ ನೀರು ಕಾದಿದೆ. ತೊಟ್ಟಿಯ ಬಿರಡೆ ಹಾಕಿದ್ದೀರಾ ಎಂದು ಅದು ನೋಡುವುದಿಲ್ಲ, ಮೊದಲೇ ಹಾಕಿಡಿ. ಓಯ್ದಾಕಿ ಎಂದರೆ ಆರಿದ ನೀರನ್ನು ಮತ್ತೆ ಕಾಯಿಸುವುದು. ಬಚ್ಚಲಿನ ಪ್ಯಾನೆಲ್ಲಿನಲ್ಲಿರುವ ಯೊಬಿದಾಶಿ ಬಟನ್ ಹಿರಿಯರಿಗೆ ತೋರಿಸಲೇಬೇಕಾದದ್ದು. ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತದೆ. ಬಚ್ಚಲಲ್ಲಿ ತಲೆಸುತ್ತು ಬಂದರೆ ಕೂಗಬೇಕಿಲ್ಲ. ಅದಕ್ಕೆ ಕೆಂಪು ಚೀಟಿ ಅಂಟಿಸಿದ್ದೇನೆ.

ಪರದೆಯಲ್ಲಿ 88 ಅಥವಾ 888 ಬಂದರೆ ಕೆಟ್ಟಿದೆ ಎಂದಲ್ಲ, ಹತ್ತು ವರ್ಷದ ತಪಾಸಣೆಗೆ ಹೊತ್ತಾಯಿತು ಎಂದು. 11 ಅಥವಾ 111 ಬಂದರೆ ಉರಿ ಹೊತ್ತುತ್ತಿಲ್ಲ. ಗ್ಯಾಸ್ ಒಲೆ ಹೊತ್ತುತ್ತದೆಯೇ ಎಂದು ಮೊದಲು ನೋಡಿ, ಅದೂ ಹೊತ್ತದಿದ್ದರೆ ತೊಂದರೆ ಬಹುಶಃ ಗ್ಯಾಸ್ ಮೀಟರಿನಲ್ಲಿದೆ. ಚಳಿಗಾಲದಲ್ಲಿ ಊರಿಗೆ ಹೊರಟಾಗ ಗೀಸರಿನ ಪ್ಲಗ್ ಕೀಳಬೇಡಿ. ಪೈಪಿನ ನೀರು ಹೆಪ್ಪುಗಟ್ಟದಂತೆ ಕಾಯುವ ಹೀಟರಿಗೆ ಕರೆಂಟ್ ಬೇಕು.

ರೈಸ್ ಕುಕ್ಕರ್

ಜೊತೆಗೆ ಬರುವ ಅಳತೆ ಕಪ್ಪು 180 ಮಿಲಿಲೀಟರಿನದು. ಅದನ್ನು ಒಂದು ಗೋ ಎನ್ನುತ್ತಾರೆ, ಅಕ್ಕಿ ಸುಮಾರು 150 ಗ್ರಾಂ ಹಿಡಿಯುತ್ತದೆ. ಪಾತ್ರೆಯೊಳಗಿನ ಗೆರೆಗಳು ಅಂಟಂಟಾದ ಜಪಾನಿ ಅಕ್ಕಿಗೆ ಹಾಕಿದ್ದು. ಸೋನಾ ಮಸೂರಿಗೆ ಆ ನೀರು ಸಾಲದು, ಅನ್ನ ನುಚ್ಚಾಗುತ್ತದೆ. ಒಂದು ಕಪ್ಪಿಗೆ ಎರಡು ಕಪ್ಪಿನ ಹತ್ತಿರದಿಂದ ಶುರುಮಾಡಿ ನಿಮ್ಮ ಅಕ್ಕಿಗೆ ತಕ್ಕಂತೆ ಹೊಂದಿಸಿಕೊಳ್ಳಿ. ಬಿಳಿ ಅಕ್ಕಿಗೆ ಹಾಕುಮಾಯ್, ಕೆಂಪಕ್ಕಿಯಂಥ ಪಾಲಿಶ್ ಇಲ್ಲದ್ದಕ್ಕೆ ಗೆಂಮಾಯ್, ಗಂಜಿಗೆ ಒಕಾಯು, ಬೇಗ ಆಗಬೇಕಾದರೆ ಹಾಯಾದಾಕಿ. ಆರಂಭಿಸಲು ಸುಯ್ಹಾನ್, ಬಿಸಿಯಾಗಿಡಲು ಹೊಓನ್, ರದ್ದಿಗೆ ತೊರಿಕೆಶಿ.

ಯೊಯಾಕು, ಅಂದರೆ ಮುಂಚಿತವಾಗಿ ಹೊತ್ತು ಗೊತ್ತುಮಾಡುವುದು, ಬಹಳ ಜನರಿಗೆ ತಿರುಗುಮುರುಗಾಗುತ್ತದೆ. ಅಲ್ಲಿ ಕೊಡಬೇಕಾದದ್ದು ಅನ್ನ ಶುರುವಾಗುವ ಹೊತ್ತಲ್ಲ, ಮುಗಿಯುವ ಹೊತ್ತು. ಬೆಳಿಗ್ಗೆ 7:30ಕ್ಕೆ ಡಬ್ಬಿ ಕಟ್ಟಬೇಕೆಂದರೆ 7:00 ಎಂದೇ ಇಡಿ, ಯಾವಾಗ ಹೊತ್ತಿಕೊಳ್ಳಬೇಕೆಂದು ಕುಕ್ಕರು ಲೆಕ್ಕ ಹಾಕುತ್ತದೆ. ಹೊತ್ತು ಕೊಟ್ಟ ಮೇಲೆ ಸುಯ್ಹಾನ್ ಒತ್ತಿದರೆ ಮಾತ್ರ ಅದು ಖಾಯಂ. ಗಡಿಯಾರ 24 ಗಂಟೆಯದ್ದು, ರಾತ್ರಿ ಏಳು ಎಂದರೆ 19:00. ಬೇಸಿಗೆಯಲ್ಲಿ ಅಕ್ಕಿ ನೆನೆದು ಹುಳಿಯಾಗುವುದರಿಂದ ಎಂಟು ಗಂಟೆಗಿಂತ ಹೆಚ್ಚು ಬಿಡಬೇಡಿ. ಎಸಿಯ ತೈಮಾ ಇದಕ್ಕೆ ವಿರುದ್ಧ: ಇರಿ ತೈಮಾ ಆನ್ ಆಗುವ ಹೊತ್ತು, ಕಿರಿ ತೈಮಾ ಆಫ್ ಆಗುವ ಹೊತ್ತು.

ವಾಷಿಂಗ್ ಮೆಷೀನ್, ಮೈಕ್ರೋವೇವ್ ಮತ್ತು ಉಳಿದವು

ವಾಷಿಂಗ್ ಮೆಷೀನಿಗೆ ಕ್ರಮ ಇಷ್ಟೇ: ನಲ್ಲಿ ತೆರೆಯಿರಿ, ಪವರ್ ಇರಿ ಒತ್ತಿ, ಕೋಸು ಆರಿಸಿ, ಸುತಾತೋ ಒತ್ತಿ. ಸುತಾತೋ ಬಟನ್ನೇ ನಡುವೆ ನಿಲ್ಲಿಸುವುದಕ್ಕೂ ಆಗುತ್ತದೆ. ಮೊದಲು ನೀರಿಲ್ಲದೆ ತಿರುಗುತ್ತದೆ, ಬಟ್ಟೆ ಎಷ್ಟಿದೆ ಎಂದು ಅಳೆಯಲು. ಆಗ ಪರದೆಯಲ್ಲಿ 0.8 ಎಂಬಂಥ ಅಂಕಿ ಬಂದರೆ ಎರರ್ ಅಲ್ಲ, ಸೋಪಿನ ಪುಡಿ ಅಳತೆಯ ಚಮಚದಲ್ಲಿ ಅಷ್ಟು ಪಾಲು ಹಾಕಿ ಎಂದು. ಅರಾಯ್ ತೊಳೆತ, ಸುಸುಗಿ ಜಾಲಿಸುವುದು, ದಸ್ಸುಯ್ ಹಿಂಡುವುದು, ಕಾನ್ಸೋ ಒಣಗಿಸುವುದು. ಹ್ಯೋಜುನ್ ಎಂಬುದು ಸಾಧಾರಣ ಕೋರ್ಸು. ಕಾಟನ್ ಸೀರೆ, ಚೂಡಿದಾರಕ್ಕೆ ಅದೇ ಸಾಕು. ಸೋ ಸೆಂಜೋ ಎಂಬುದನ್ನು ಬಟ್ಟೆ ಹಾಕಿ ಒತ್ತಬೇಡಿ. ಅದು ತೊಟ್ಟಿಯನ್ನೇ ತೊಳೆಯುವ ಕೋರ್ಸು, ಕೆಲವು ಯಂತ್ರಗಳಲ್ಲಿ 11 ಗಂಟೆ ಹಿಡಿಯುತ್ತದೆ. ಪ್ಯಾನಾಸೋನಿಕ್ ಯಂತ್ರಗಳಲ್ಲಿ ಯು11 ಎಂದರೆ ನೀರು ಹೊರಹೋಗುತ್ತಿಲ್ಲ, ಯು12 ಮುಚ್ಚಳ ತೆರೆದಿದೆ, ಯು13 ಬಟ್ಟೆ ಒಂದೇ ಕಡೆ ಗುಡ್ಡೆಯಾಗಿದೆ, ಯು14 ನೀರು ಬರುತ್ತಿಲ್ಲ.

ಮೈಕ್ರೋವೇವಿನಲ್ಲಿ ರೆಂಜಿ, ಅಂದರೆ ಮಾಮೂಲಿ ಮೈಕ್ರೋವೇವ್ ಬಿಸಿ, ಮತ್ತು ಓಬುನ್ ವ್ಯತ್ಯಾಸವೇ ಮುಖ್ಯ. ಪ್ಲಾಸ್ಟಿಕ್ ಡಬ್ಬಿಯಿಟ್ಟು ಓಬುನ್ ಅಥವಾ ಗುರಿರು (ಗ್ರಿಲ್) ಒತ್ತಿದರೆ ಕರಗಿಹೋಗುತ್ತದೆ, ಸ್ಟೀಲ್ ಬಟ್ಟಲಿಟ್ಟು ರೆಂಜಿ ಒತ್ತಿದರೆ ಕಿಡಿ ಹಾರುತ್ತದೆ. ಅತತಾಮೆ ಬಿಸಿಮಾಡುವುದು, ಕಾಯ್ತೋ ಹೆಪ್ಪು ಬಿಡಿಸುವುದು. ಅಂಗಡಿಯ ಪೊಟ್ಟಣದ ಮೇಲೆ 500 ವ್ಯಾಟಿಗೆ ಇಷ್ಟು, 600 ವ್ಯಾಟಿಗೆ ಇಷ್ಟು ಎಂದು ಹೊತ್ತು ಕೊಟ್ಟಿರುತ್ತಾರೆ, ಅಂಕಿ ನೋಡಿದರೆ ಸಾಕು.

ಟಾಯ್ಲೆಟ್ಟಿನ ಬಟನ್ನುಗಳಿಗೆ 2017ರಲ್ಲಿ ಅಲ್ಲಿನ ತಯಾರಕರೆಲ್ಲ ಸೇರಿ ಎಂಟು ಏಕರೂಪದ ಚಿತ್ರಗಳನ್ನು ಗೊತ್ತುಮಾಡಿಕೊಂಡರು, ಹಳೆಯದರಲ್ಲಿ ಅವು ಇರುವುದಿಲ್ಲ. ನಿಲ್ಲಿಸುವ ಬಟನ್ ಒಂದನ್ನು ಮಾತ್ರ ಮೊದಲು ಕಲಿಸಿ. ಟಿವಿಯಲ್ಲಿ ಒನ್ಸೇ ಕಿರಿಕಾಎ ಎಂಬ ಬಟನ್ ದನಿಯ ಭಾಷೆ ಬದಲಿಸುತ್ತದೆ. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಸಂಜೆ ಏಳರ ವಾರ್ತೆಯನ್ನು ಇಂಗ್ಲಿಷಿನಲ್ಲಿ ಕೇಳಬಹುದು. ಪರದೆಯ ಮೆನುವಿಗೆ ಬೇರೆ ಭಾಷೆ ಇದೆಯೇ ಎಂದು ನೋಡಲು ಸೆಟ್ಟಿಂಗಿನಲ್ಲಿ ಗೆಂಗೊ ಎಂಬ ಸಾಲು ಅಥವಾ ಗೋಲದ ಚಿತ್ರ ಹುಡುಕಿ.

ಚೀಟಿ ಅಂಟಿಸುವ ಕ್ರಮ

ಬಾಡಿಗೆ ಮನೆಯಾದ್ದರಿಂದ ಕಲೆ ಉಳಿಯದ ಕಾಗದದ ಮಾಸ್ಕಿಂಗ್ ಟೇಪ್ ತನ್ನಿ, ನೂರು ಯೆನ್ ಅಂಗಡಿಯಲ್ಲಿ ಬಣ್ಣಬಣ್ಣದ್ದು ಸಿಗುತ್ತದೆ. ದಿನಾ ಒತ್ತುವ ಬಟನ್ನಿಗೆ ಹಸಿರು, ಒತ್ತಬಾರದ್ದಕ್ಕೆ ಕೆಂಪು. ಎಲ್ಲ ಬಟನ್ನಿಗೂ ಅಂಟಿಸಿದರೆ ಮತ್ತೆ ಗೊಂದಲ. ಒಂದು ಯಂತ್ರಕ್ಕೆ ನಾಲ್ಕು ಸಾಕು. ಒತ್ತುವ ಕ್ರಮವಿದ್ದರೆ 1, 2, 3 ಎಂದು ಅಂಕಿ ಬರೆಯಿರಿ. ಪದಗಳನ್ನು ಮನೆಯ ಮಾತಿನಲ್ಲೇ ಬರೆಯಿರಿ: "ಬಿಸಿ ಗಾಳಿ", "ನಿಲ್ಲಿಸು", "ಹಿಂಡೋದು ಮಾತ್ರ". ರಿಮೋಟಿನ ತುದಿಯ ಕಣ್ಣು, ಎಸಿಯ ಸೆನ್ಸರು, ಒಲೆಯ ಬಿಸಿ ತಾಗುವ ಜಾಗಗಳನ್ನು ಮುಚ್ಚಬೇಡಿ. ಚೀಟಿ ಅಂಟಿಸಿದ ಮೇಲೆ ಹಿರಿಯರ ಕೈಯಲ್ಲೇ ಒಂದು ಸಲ ಪೂರ್ತಿ ಮಾಡಿಸಿ, ನೀವು ಹಿಂದೆ ನಿಂತು ಸುಮ್ಮನೆ ನೋಡಿ. ಎಲ್ಲಿ ಕೈ ತಡೆಯುತ್ತದೆಯೋ ಅಲ್ಲಿಗೆ ಇನ್ನೊಂದು ಚೀಟಿ ಬೇಕು.

ಕರೆಂಟು, ಊರಿನ ಮಿಕ್ಸಿ, ರಿಪೇರಿ

ಜಪಾನಿನ ಮನೆಯ ಪ್ಲಗ್ಗಿನಲ್ಲಿ 100 ವೋಲ್ಟ್, ನಮ್ಮಲ್ಲಿ 230. ಊರಿನ ಮಿಕ್ಸಿಗೆ ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಚಟ್ನಿ ಆಗದು, ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಮಿಕ್ಸಿಯ ವ್ಯಾಟಿಗಿಂತ ಅದರ ಸಾಮರ್ಥ್ಯ ಸಾಕಷ್ಟು ಹೆಚ್ಚಿರಲಿ. ಒಂದು ಪ್ಲಗ್ಗಿನ ಮಿತಿ ಸಾಮಾನ್ಯವಾಗಿ 1500 ವ್ಯಾಟ್. ಅಲ್ಲಿ ಕೊಂಡ ಕುಕ್ಕರನ್ನು ಊರಿಗೆ ತಂದು ನೇರವಾಗಿ ಚುಚ್ಚಿದರೆ ಸುಟ್ಟೇಹೋಗುತ್ತದೆ. ಇನ್ನೊಂದು ವಿಚಿತ್ರ, ದೇಶದ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. 1890ರ ದಶಕದಲ್ಲಿ ಟೋಕಿಯೋ ಜರ್ಮನಿಯ ಜನರೇಟರು ತರಿಸಿತು, ಒಸಾಕಾ ಅಮೆರಿಕದ್ದು. ಅದು ಹಾಗೇ ಉಳಿಯಿತು. ಒಸಾಕಾದಿಂದ ಟೋಕಿಯೋಗೆ ಮನೆ ಬದಲಿಸುವವರು ಅಗ್ಗದ ಮೈಕ್ರೋವೇವಿನ ಚೀಟಿಯಲ್ಲಿ ಎರಡೂ ಅಂಕಿ ಇವೆಯೇ ನೋಡಿಕೊಳ್ಳಿ. ಕುಕ್ಕರು, ಮೈಕ್ರೋವೇವು, ಎಸಿ ಒಟ್ಟಿಗೆ ಓಡಿ ಕರೆಂಟು ಹೋದರೆ, ಬಾಗಿಲ ಬಳಿಯ ಬ್ರೇಕರ್ ಪೆಟ್ಟಿಗೆಯಲ್ಲಿ ಕೆಳಗೆ ಬಿದ್ದ ಸ್ವಿಚ್ಚನ್ನು ಮೇಲಕ್ಕೆತ್ತಿ. 30 ಆಂಪಿಯರಿನ ಮನೆಯಲ್ಲಿ ಒಟ್ಟು 3000 ವ್ಯಾಟ್ ಅಷ್ಟೇ.

ಯಂತ್ರ ನಿಜವಾಗಿ ಕೆಟ್ಟರೆ ಮೊದಲು ಬಾಡಿಗೆ ಕರಾರು ತೆಗೆದು ನೋಡಿ. ಅದರಲ್ಲಿ ಸೆತ್ಸುಬಿ ಎಂದು ಬರೆದ ಯಂತ್ರಗಳನ್ನು ರಿಪೇರಿ ಮಾಡಿಸುವುದು ಮನೆಯ ಮಾಲೀಕರ ಹೊಣೆ. ಜಾಂಚಿಬುತ್ಸು ಎಂದಿದ್ದರೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದದ್ದು, ಖರ್ಚು ಸಾಮಾನ್ಯವಾಗಿ ನಿಮ್ಮದೇ. ಫೋನಿನಲ್ಲಿ "ಎರಾ ಗಾ ದೇಮಾಷಿತಾ", ಎರರ್ ಬಂದಿದೆ ಎಂದು ಹೇಳಿ ಕೋಡ್ ಮತ್ತು ಮಾಡೆಲ್ ನಂಬರ್ ಓದಿ.

ಯಂತ್ರ ಮಾತಾಡಿದಾಗ

ಫ್ರಿಜ್ಜಿನ ಬಾಗಿಲಿಗೆ ನಾನು ಅಂಟಿಸಿದ ಕಾಗದದಲ್ಲಿ ಕನ್ನಡದಲ್ಲಿ ಬರೆದಿರುವುದು ನಾಲ್ಕೇ ಸಾಲು. ಛಾವಣಿಯಿಂದ "ಕಾಜಿ ದೆಸು" ಎಂದು ಕೇಳಿದರೆ ಬೆಂಕಿ, ಹೊರಗೆ ಹೋಗು. "ಗಾಸು ಗಾ ಮೊರೆತೆ ಇಮಾಸೆನ್ ಕಾ" ಎಂದರೆ ಗ್ಯಾಸ್ ಸೋರುತ್ತಿರಬಹುದು. ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆ. ಫೋನು "ಜಿಶಿನ್ ದೆಸು" ಎಂದರೆ ಭೂಕಂಪ, ಮೇಜಿನ ಕೆಳಗೆ ಹೋಗು. 119ಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದು ಬೆಂಕಿಯೋ ಆಂಬುಲೆನ್ಸೋ ಎಂದು. ಬೆಂಕಿಗೆ ಕಾಜಿ, ಆಂಬುಲೆನ್ಸಿಗೆ ಕ್ಯೂಕ್ಯೂ. ಅಮ್ಮ ಇವನ್ನು ಬಾಯಿಪಾಠ ಮಾಡಿದಳು, ನಾನು ಮೊಬೈಲಿನಲ್ಲಿ ಆ ದನಿಗಳನ್ನು ಕೇಳಿಸಿಯೂ ಇಟ್ಟೆ.

ಭೂಕಂಪದ ತೀವ್ರತೆ ಜಪಾನಿನ ಅಳತೆಯಲ್ಲಿ 5ರ ಸುಮಾರಿಗೆ ಮುಟ್ಟಿದರೆ ಗ್ಯಾಸ್ ಮೀಟರು ತಾನಾಗಿ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಒಲೆಯೂ ಹೊತ್ತುವುದಿಲ್ಲ, ಬಿಸಿನೀರೂ ಬರುವುದಿಲ್ಲ. ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಮನೆಯೊಳಗಿನ ಎಲ್ಲ ಗ್ಯಾಸ್ ಉಪಕರಣಗಳನ್ನು ಆಫ್ ಮಾಡಿ, ಹೊರಗಿನ ಮೀಟರಿನ ಬಳಿ ಹೋಗಿ. ಫುಕ್ಕಿ, ಅಂದರೆ ಮತ್ತೆ ಚಾಲೂ ಮಾಡುವ ಬಟನ್ನಿನ ಮುಚ್ಚಳ ತಿರುಗಿಸಿ ತೆಗೆದು, ಬಟನ್ನನ್ನು ಒಳಗೆ ಒತ್ತಿ ಕೈಬಿಡಿ. ಕೆಂಪು ದೀಪ ಮಿನುಗಲು ಶುರುವಾಗುತ್ತದೆ. ಮೂರು ನಿಮಿಷ ಗ್ಯಾಸ್ ಬಳಸದೆ ಕಾಯಿರಿ, ಆ ಹೊತ್ತಿನಲ್ಲಿ ಎಲ್ಲಾದರೂ ಸೋರಿಕೆ ಇದೆಯೇ ಎಂದು ಮೀಟರು ನೋಡಿಕೊಳ್ಳುತ್ತದೆ. ಮಿನುಗುವುದು ನಿಂತರೆ ಒಲೆ ಹೊತ್ತಿಸಬಹುದು. ಮಿನುಗುತ್ತಲೇ ಇದ್ದರೆ ಇನ್ನೊಮ್ಮೆ ಒತ್ತಲು ಹೋಗದೆ, ಮೀಟರಿನ ಚೀಟಿಯಲ್ಲಿರುವ ಗ್ಯಾಸ್ ಕಂಪನಿಯ ನಂಬರಿಗೆ ಫೋನ್ ಮಾಡಿ.